ಹಳೇ ಡ್ರ್ಯಾಗ್ ಕಾರುಗಳನ್ನು ಅವುಗಳ ಕಾಲಕ್ಕೆ ತಕ್ಕಂತೆ ಉಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ನನ್ನ ವಾರಾಂತ್ಯಗಳೆಲ್ಲ ಒಂದು ಸಣ್ಣ ಗ್ಯಾರೇಜಿನಲ್ಲಿ ಕಳೆಯುತ್ತಿವೆ. ಅಲ್ಲಿ 1955ರ ಷೆವರ್ಲೆ ಗ್ಯಾಸರ್ ಒಂದಿದೆ, ಅಂದರೆ ಬೀದಿಯ ಕಾರನ್ನೇ ಬದಲಿಸಿ ಮಾಡಿದ ರೇಸ್ ಕಾರು. 1960ರ ದಶಕದ ಶುರುವಿನ ಡ್ರ್ಯಾಗ್‌ಸ್ಟರ್ ಒಂದಿದೆ, ಅದು ಡ್ರ್ಯಾಗ್ ರೇಸಿಗೆಂದೇ ಕಟ್ಟಿದ್ದು. ಎರಡೂ ನನ್ನವಲ್ಲ, ಅವುಗಳಿಗೆ ಕೈ ಹಚ್ಚುವ ಭಾಗ್ಯ ಮಾತ್ರ ನನ್ನದು. ಊರಿಂದ ಫೋನ್ ಮಾಡುವವರು, ಕನ್ನಡ ಕೂಟದಲ್ಲಿ ಸಿಗುವವರು, ಫೋಟೋ ನೋಡಿ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವರು ಕೇಳಿದ ಮಾತಲ್ಲೇ ಅವನ್ನು ಇಲ್ಲಿ ಸೇರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಡ್ರ್ಯಾಗ್ ರೇಸ್ ಅಂದ್ರೆ ನೇರ ರಸ್ತೇಲಿ ಎರಡು ಕಾರು ಓಡಿಸೋದು, ಅಷ್ಟೇ ಅಲ್ವಾ?

ಹೌದು, ಅಷ್ಟೇ. ಎರಡು ಕಾರು, ನೇರ ದಾರಿ, ಕಾಲು ಮೈಲಿ. ಅಂದರೆ 1,320 ಅಡಿ, ಸುಮಾರು 402 ಮೀಟರ್. ನಿಂತಲ್ಲಿಂದ ಹೊರಟು ಮೊದಲು ಗೆರೆ ದಾಟಿದವರು ಗೆದ್ದರು. ಆ ಕಾಲು ಮೈಲಿಯಿಂದ ಅರ್ಧ ಸೆಕೆಂಡ್ ಉಳಿಸಲು ಜನ ಏನೇನು ಮಾಡಿದರು ಅನ್ನುವುದೇ ಈ ಕಾರುಗಳ ಕಥೆ.

ಶುರುವಾದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಕೆರೆಗಳ ಅಂಗಳದಲ್ಲಿ. 1930ರ ದಶಕದಲ್ಲೇ ಹುಡುಗರು ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು ಮ್ಯೂರಾಕ್‌ನಲ್ಲಿ ವೇಗ ಅಳೆಯುತ್ತಿದ್ದರು. ಯುದ್ಧ ಮುಗಿದ ಮೇಲೆ ಪಂದ್ಯ ಊರ ರಸ್ತೆಗೇ ಬಂತು. ಜೊತೆಗೆ ಅಪಾಯವೂ, ಪೊಲೀಸರೂ ಬಂದರು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಟಿಕೆಟ್ ಇಟ್ಟು ಪಂದ್ಯ ನಡೆಸಲು ತೊಡಗಿದರು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಇಲ್ಲಿ ಎಲ್ಲರೂ ಅದನ್ನು ಎನ್‌ಎಚ್‌ಆರ್‌ಎ ಅನ್ನುತ್ತಾರೆ. ನಿಯಮ, ವರ್ಗ, ತೂಕದ ಲೆಕ್ಕ ಎಲ್ಲ ಬಂದದ್ದು ಆಮೇಲೆ.

ಕಾಲಕ್ಕೆ ತಕ್ಕಂತೆ ಇಡೋದು ಅಂದ್ರೆ ಫ್ಯಾಕ್ಟರಿಯಿಂದ ಬಂದ ಹಾಗೇ ಇಡೋದಾ?

ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಸಂಗ್ರಹಾಲಯದಲ್ಲೋ ಹಳೇ ಕಾರುಗಳನ್ನು ನೋಡಿದವರ ಮನಸ್ಸಲ್ಲಿ ಒಂದು ಅಳತೆ ಇರುತ್ತದೆ. ಕಂಪನಿ ಹೇಗೆ ಕಳಿಸಿತೋ ಹಾಗೇ ಇರುವ ಕಾರೇ ಅಸಲಿ ಅಂತ. ಮನೆಯ ಕಾರಿಗೆ, ಅರಮನೆಯ ಕಾರಿಗೆ ಆ ಅಳತೆ ಸರಿ.

ರೇಸ್ ಕಾರಿಗೆ ಅದು ಹೊಂದುವುದಿಲ್ಲ. ನಮ್ಮ ಗ್ಯಾರೇಜಿನ ಷೆವರ್ಲೆ 1955ರಲ್ಲಿ ಸಂಸಾರಸ್ಥರ ಕಾರಾಗಿ ಹೊರಟಿತು. ಕೆಲವು ವರ್ಷಗಳ ಮೇಲೆ ಯಾರೋ ಅದರ ಹಿಂದಿನ ಸೀಟು ಕಿತ್ತರು. ಮುಂದಿನ ಸಸ್ಪೆನ್ಷನ್ ಬಿಚ್ಚಿ ನೇರ ಆಕ್ಸಲ್ ಕೂರಿಸಿದರು. ಹಿಂದಿನ ಚಕ್ರದ ಮೇಲಿನ ತಗಡನ್ನು ಅಗಲವಾಗಿ ಕತ್ತರಿಸಿದರು. ಆ ಕೈಗಳು ಮಾಡಿದ ಕೆಲಸಕ್ಕಾಗಿಯೇ ಇಂದು ಆ ಕಾರಿಗೆ ಬೆಲೆ. ಅದನ್ನು ಫ್ಯಾಕ್ಟರಿ ಸ್ಥಿತಿಗೆ ತಂದರೆ ನೋಡಲು ಚೆಂದದ ಷೆವರ್ಲೆ ಸಿಗುತ್ತದೆ, ಗ್ಯಾಸರ್ ಹೋಗಿಬಿಡುತ್ತದೆ.

ಆದ್ದರಿಂದ ನಾವು ಹುಡುಕುವುದು ಒಂದು ದಿನವನ್ನು. ಇಂಥ ವರ್ಷ, ಇಂಥ ಪಟ್ಟಿಯಲ್ಲಿ (ರೇಸ್ ನಡೆಯುವ ನೇರ ದಾರಿಗೆ ಇಲ್ಲಿ ಪಟ್ಟಿ ಅನ್ನುತ್ತೇನೆ) ಈ ಕಾರು ಸಾಲಿನಲ್ಲಿ ನಿಂತಿದ್ದಾಗ ಹೇಗಿತ್ತು? ಕೆಳಗಿನ ಎಲ್ಲ ಉತ್ತರಗಳೂ ಈ ಪ್ರಶ್ನೆಯನ್ನೇ ಸುತ್ತುತ್ತವೆ.

ಒಂದೇ ಕಾರು ಹತ್ತು ವರ್ಷ ಓಡಿರುತ್ತೆ. ಯಾವ ವರ್ಷ ಅಂತ ಹೇಗೆ ಆರಿಸ್ತೀರಿ?

ಪುರಾವೆ ಎಲ್ಲಿ ಗಟ್ಟಿಯಾಗಿದೆಯೋ ಆ ವರ್ಷ. ಹೆಚ್ಚು ಗೆದ್ದ ವರ್ಷವೇ ಆಗಬೇಕೆಂದಿಲ್ಲ. ಹೆಚ್ಚು ಫೋಟೋ ಇರುವ, ಹೆಚ್ಚು ಅಸಲಿ ಭಾಗಗಳು ಉಳಿದಿರುವ, ಓಡಿಸಿದವರು ಬದುಕಿದ್ದು ನೆನಪು ಹೇಳಬಲ್ಲ ವರ್ಷ ಮೇಲು.

ಎಲ್ಲ ವರ್ಷಗಳಿಂದ ಚೆಂದದ್ದನ್ನು ಆರಿಸಿ ಒಂದೇ ಕಾರಿಗೆ ತುಂಬಬೇಡಿ. 1961ರ ಬಣ್ಣ, 1964ರ ಚಕ್ರ, 1969ರ ಕಾರ್ಬುರೇಟರ್ ಹಾಕಿದರೆ ಅಂಥ ಕಾರು ಯಾವತ್ತೂ ಇರಲೇ ಇಲ್ಲ. ದಿನ ಆರಿಸಿದ ಮೇಲೆ ಅದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ ವಾದ ಎದ್ದಾಗಲೆಲ್ಲ ಆ ಕಾಗದವೇ ತೀರ್ಮಾನ ಕೊಡುತ್ತದೆ.

ಗ್ಯಾಸರ್, ಸ್ಲಿಂಗ್‌ಶಾಟ್, ಫನ್ನಿ ಕಾರ್... ತಲೆ ತಿರುಗುತ್ತೆ. ಸರಳವಾಗಿ ಹೇಳ್ತೀರಾ?

ಗ್ಯಾಸರ್ ಎಂದರೆ ಬೀದಿಯ ಕಾರಿನ ಮೈ ಉಳಿಸಿಕೊಂಡು ಪೆಟ್ರೋಲಿನಲ್ಲೇ ಓಡುವ ರೇಸ್ ಕಾರು. ಅಮೆರಿಕದವರು ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ಕಾರಿನ ತೂಕವನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ ವರ್ಗ ಕೊಡುತ್ತಿದ್ದರು. 1941ರ ವಿಲ್ಲಿಸ್ ಕೂಪೆ ಇವುಗಳಲ್ಲಿ ದೊಡ್ಡ ಹೆಸರು. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಏದುಸಿರು ಬಿಡುತ್ತಾ ಏರು ಹತ್ತುವ ವಿಲ್ಲಿಸ್ ಜೀಪಿನ ಅದೇ ಕಂಪನಿ. ಪುಟ್ಟ, ಹಗುರ ಕಾರು. ಅದಕ್ಕೇ ರೇಸಿನವರಿಗೆ ಇಷ್ಟ.

ಸ್ಲಿಂಗ್‌ಶಾಟ್ ಎಂದರೆ ಡ್ರ್ಯಾಗ್‌ಸ್ಟರ್‌ನ ಒಂದು ಬಗೆ: ಉದ್ದನೆಯ ಪೈಪಿನ ಚೌಕಟ್ಟು, ಮುಂದೆ ಎಂಜಿನ್, ಹಿಂದಿನ ಆಕ್ಸಲ್‌ಗೂ ಹಿಂದೆ ಚಾಲಕ. ಕವಣೆಯಲ್ಲಿ ಕಲ್ಲು ಇಟ್ಟ ಹಾಗೆ ಕೂರುತ್ತಾನೆ. 1965ರಲ್ಲಿ ಕ್ರೈಸ್ಲರ್ ಕಂಪನಿ ಕೆಲವು ಡಾಜ್, ಪ್ಲಿಮತ್ ಕಾರುಗಳ ಚಕ್ರಗಳನ್ನೇ ಮುಂದಕ್ಕೆ ಸರಿಸಿ ರೇಸಿಗೆ ಬಿಟ್ಟಿತು. ನೋಡಿದವರಿಗೆ ವಿಚಿತ್ರ ಅನಿಸಿ ಫನ್ನಿ ಕಾರ್ ಎಂದರು. 1966ರಲ್ಲಿ ಮರ್ಕ್ಯುರಿ ಕಾಮೆಟ್ ಕಾರುಗಳು ಪೆಟ್ಟಿಗೆ ಮುಚ್ಚಳದಂತೆ ಎತ್ತಬಹುದಾದ ಫೈಬರ್ ಮೈಯೊಂದಿಗೆ ಬಂದವು. ಆಮೇಲೆ ಆ ಹೆಸರು ಅಂಥ ಕಾರುಗಳಿಗೇ ನಿಂತಿತು.

ಇಂಥ ಕಾರುಗಳನ್ನ ಎಲ್ಲಿ ನೋಡಬಹುದು? ಮಗನ್ನ ನೋಡೋಕೆ ಅಮೆರಿಕಕ್ಕೆ ಬರ್ತಿದೀವಿ.

ಲಾಸ್ ಏಂಜಲೀಸ್ ಕಡೆ ಬಂದರೆ ಪೊಮೋನಾದಲ್ಲಿ ವಾಲಿ ಪಾರ್ಕ್ಸ್ ಹೆಸರಿನ ಸಂಗ್ರಹಾಲಯ ಇದೆ. 1998ರಲ್ಲಿ ತೆರೆದದ್ದು. ಫ್ಲಾರಿಡಾದ ಒಕಾಲಾದಲ್ಲಿ ಹೆಸರಾಂತ ಡ್ರ್ಯಾಗ್ ರೇಸ್ ಚಾಲಕ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್ ರೇಸ್ ಸಂಗ್ರಹಾಲಯ ಇದೆ. ಅವರ ಸ್ವಾಂಪ್ ರ‍್ಯಾಟ್ 30 ಕಾರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿದೆ.

ನಿಂತ ಕಾರಿಗಿಂತ ಉಸಿರಾಡುವ ಕಾರು ನೋಡಬೇಕಾದರೆ ಕ್ಯಾಲಿಫೋರ್ನಿಯಾದಲ್ಲೇ ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೋ ಪಟ್ಟಿಗೆ ಹೋಗಿ. ಅಲ್ಲಿನ ಮಾರ್ಚ್ ಮೀಟ್ ಪಂದ್ಯ 1959ರಲ್ಲಿ ಶುರುವಾಯಿತು. ಬಾದಾಮಿ ಮತ್ತು ಕಿತ್ತಳೆ ತೋಟಗಳ ನಡುವೆ ಇರುವ ಜಾಗ. ಕಿವಿಗೆ ಹತ್ತಿ ಸಾಲದು, ಒಳ್ಳೆ ಇಯರ್‌ಮಫ್ ತನ್ನಿ. ವಯಸ್ಸಾದವರಿಗೆ, ಮಕ್ಕಳಿಗೆ ಇನ್ನೂ ಮುಖ್ಯ.

## ಪುರಾವೆ ಹುಡುಕುವುದು

ಒಂದೇ ಒಂದು ಹಳೇ ಫೋಟೋ ಇದೆ. ಅದರಿಂದ ಎಷ್ಟು ಗೊತ್ತಾಗುತ್ತೆ?

ನೀವು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಪಕ್ಕದಿಂದ ನೇರವಾಗಿ ತೆಗೆದ ಫೋಟೋ ಆದರೆ ಅಳತೆಯೇ ಸಿಗುತ್ತದೆ. ಚಕ್ರದ ರಿಮ್ 15 ಇಂಚು ಅಂತ ಗೊತ್ತಿದ್ದರೆ ಅದನ್ನೇ ಮಾನದಂಡ ಮಾಡಿ ಎರಡು ಆಕ್ಸಲ್ ನಡುವಿನ ದೂರ, ಮುಂಭಾಗದ ಎತ್ತರ, ಎಕ್ಸಾಸ್ಟ್ ಪೈಪಿನ ಉದ್ದ ಲೆಕ್ಕ ಹಾಕಬಹುದು.

ಕಾರಿನಷ್ಟೇ ಅದರ ಸುತ್ತಮುತ್ತಲನ್ನೂ ನೋಡಿ. ಸಾಲಿನ ನಡುವೆ ದೀಪದ ಕಂಬ ಇದೆಯಾ, ಬಾವುಟ ಹಿಡಿದವನು ನಿಂತಿದ್ದಾನಾ? ಕ್ರಿಸ್ಮಸ್ ಟ್ರೀ ಅನ್ನುವ ದೀಪದ ಕಂಬ ಎನ್‌ಎಚ್‌ಆರ್‌ಎ ಪಂದ್ಯಕ್ಕೆ ಬಂದದ್ದು 1963ರಲ್ಲಿ. ಅದು ಕಂಡರೆ ಫೋಟೋ ಅದಕ್ಕಿಂತ ಹಳೆಯದಲ್ಲ. ಬಾವುಟ ಕಂಡರೆ ಮಾತ್ರ ಅವಸರ ಪಡಬೇಡಿ, ಸಣ್ಣ ಊರುಗಳಲ್ಲಿ ಬಾವುಟವೇ ಎಷ್ಟೋ ಕಾಲ ನಡೆಯಿತು. ಹಿಂದೆ ನಿಲ್ಲಿಸಿದ ಜನರ ಕಾರುಗಳಲ್ಲಿ ಅತಿ ಹೊಸ ಮಾಡೆಲ್ ಯಾವುದು? ಕಿಟಕಿ ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಬರೆದ ವರ್ಗ, ನಂಬರ್ ಏನು? ಆ ನಂಬರ್ ಹಿಡಿದು ಆ ಕಾಲದ ವಾರಪತ್ರಿಕೆಗಳ ಫಲಿತಾಂಶ ಪುಟ ತಿರುವಿದರೆ ಎಷ್ಟೋ ಸಲ ದಿನವೇ ಸಿಗುತ್ತದೆ.

ಬಣ್ಣದ ವಿಷಯದಲ್ಲಿ ಜೋಪಾನ. ಕಪ್ಪುಬಿಳುಪಿನಲ್ಲಿ ಗಾಢ ಕೆಂಪೂ ಕಪ್ಪೂ ಒಂದೇ ಥರ ಕಾಣಬಹುದು. ಕತ್ತಲಲ್ಲಿ ಇಟ್ಟ ಕೊಡಕ್ರೋಮ್ ಸ್ಲೈಡ್ ಬಣ್ಣ ಚೆನ್ನಾಗಿ ಹಿಡಿದಿಡುತ್ತದೆ, ಬೇರೆ ಫಿಲ್ಮುಗಳು ಬೇಗ ಕೆಂಪಾಗಿಯೋ ಹಳದಿಯಾಗಿಯೋ ತಿರುಗುತ್ತವೆ.

ಈ ಎಂಜಿನ್ ಆ ಕಾಲದ್ದೇ ಅಂತ ಹೇಗೆ ಹೇಳ್ತೀರಿ?

ಎರಕದ ಗುರುತು ನೋಡಿ. ಷೆವರ್ಲೆಯ ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಬ್ಲಾಕ್, ಅಂದರೆ ಎರಕದ ಮುಖ್ಯ ಮೈಯ ಹಿಂಬದಿ, ಗೇರ್‌ಬಾಕ್ಸ್ ಕೂರುವ ಅಂಚಿನ ಹತ್ತಿರ, ಎರಕ ಹೊಯ್ದ ದಿನ ಮೂಡಿರುತ್ತದೆ. ಮೊದಲು ಒಂದು ಇಂಗ್ಲಿಷ್ ಅಕ್ಷರ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಆಮೇಲೆ ತಾರೀಖು. ಕೊನೆಗೆ ವರ್ಷದ ಕೊನೆಯ ಅಂಕಿ. ಸಿ, 14, 7 ಎಂದಿದ್ದರೆ ಮಾರ್ಚ್ 14. ವರ್ಷ 1957 ಇರಬಹುದು, 1967 ಕೂಡ ಇರಬಹುದು. ಅದನ್ನು ಬಿಡಿಸಲು ದೊಡ್ಡ ಎರಕ ಸಂಖ್ಯೆ ಬೇಕು. ಎಂಜಿನ್ ಗಾತ್ರವೂ ಸುಳಿವು ಕೊಡುತ್ತದೆ. 265 ಘನ ಇಂಚಿನದು 1955ರಲ್ಲಿ ಬಂತು, 283 ಬಂದದ್ದು 1957ರಲ್ಲಿ, 327 ಬಂದದ್ದು 1962ರಲ್ಲಿ, 350 ಬಂದದ್ದು 1967ರಲ್ಲಿ.

ಕ್ರೈಸ್ಲರ್ ಕಂಪನಿಯ ಹೆಮಿ ಎಂಜಿನ್ನಿನಲ್ಲೂ ಹಾಗೇ. 392 ಹೆಮಿ 1957–58ರದು. 426 ಹೆಮಿ 1964ಕ್ಕೆ ಮುಂಚೆ ಇರಲೇ ಇಲ್ಲ. 1962ರ ಸ್ಲಿಂಗ್‌ಶಾಟ್ ಎಂದು ಹೇಳಿ 426 ಕೂರಿಸಿದ್ದರೆ ಎಷ್ಟೇ ಹೊಳೆದರೂ ಅದು ತಪ್ಪು.

ಇಲ್ಲಿ ಒಂದು ಮಾತು ನೆನಪಿಡಿ. ಕಾರಿನ ನಂಬರೂ ಎಂಜಿನ್ ನಂಬರೂ ಹೊಂದಬೇಕು ಎನ್ನುವ ಶ್ರೀಮಂತ ಕಾರುಗಳ ನಿಯಮವನ್ನು ಇಲ್ಲಿ ತರಬೇಡಿ. ರೇಸಿನವರು ಒಂದೇ ಬೇಸಿಗೆಯಲ್ಲಿ ಮೂರು ಬ್ಲಾಕ್ ಒಡೆದದ್ದೂ ಉಂಟು. ನಮಗೆ ಬೇಕಿರುವುದು ಇಷ್ಟು: ಭಾಗದ ತಾರೀಖು ನೀವು ಆರಿಸಿದ ದಿನಕ್ಕಿಂತ ಹಿಂದಿನದಾಗಿರಬೇಕು. ಎಷ್ಟು ಹಿಂದಿನದಾದರೂ ಪರವಾಗಿಲ್ಲ, ಗುಜರಿಯಿಂದ ತಂದು ಹಾಕುವುದು ಆಗ ಮಾಮೂಲು. ಒಂದು ದಿನ ಮುಂದಾದರೂ ಸಲ್ಲದು.

ಅಸಲಿ ಕಾರು ಯಾವುದು, ನಕಲು ಯಾವುದು? ನಕಲು ಮಾಡೋದು ತಪ್ಪಾ?

ಅಸಲಿ ಎಂದರೆ ಅದೇ ಚೌಕಟ್ಟು, ಅದೇ ಮೈ, ಆಗ ಓಡಿದ್ದು. ಮರುಸೃಷ್ಟಿ ಎಂದರೆ ಕಳೆದುಹೋದ ಕಾರನ್ನು ಫೋಟೋ ನೋಡಿ ಹೊಸದಾಗಿ ಕಟ್ಟಿದ್ದು. ಗೌರವಕ್ಕೆ ಅಂತ, ಆ ಶೈಲಿಯಲ್ಲಿ ಕಟ್ಟಿದ ಕಾರುಗಳೂ ಇವೆ. ಮೂರಕ್ಕೂ ಜಾಗ ಇದೆ. ಹಳೇ ಚಾಲಕರು ತಾವೇ ನಿಂತು ಕಟ್ಟಿಸಿದ ಮರುಸೃಷ್ಟಿಗಳನ್ನು ನೋಡಿ ನನ್ನ ಕಣ್ಣು ತುಂಬಿದೆ.

ತಪ್ಪಾಗುವುದು ಒಂದನ್ನು ಇನ್ನೊಂದು ಎಂದು ಮಾರಿದಾಗ. 1964ರ ಫೋರ್ಡ್ ಥಂಡರ್‌ಬೋಲ್ಟ್ ಕಾರುಗಳನ್ನು ಮಾಡಿದ್ದು ಸುಮಾರು 100. ಇಷ್ಟು ಕಡಿಮೆ ಇರುವ ಕಾರು ಕೊಳ್ಳುವಾಗ ಕಾಗದಪತ್ರ, ಕೈ ಬದಲಾದ ಸರಪಳಿ, ಹಳೇ ವೆಲ್ಡಿಂಗ್ ಗುರುತು ಎಲ್ಲ ನೋಡಲೇಬೇಕು. ಹಣ ಕೊಡುವ ಮೊದಲು ಬೇರೆ ಕಣ್ಣಿನವರೊಬ್ಬರನ್ನು ಕರೆದೊಯ್ಯಿರಿ.

## ಕೈಗೆ ಎಣ್ಣೆ ಹತ್ತಿದ ಮೇಲೆ

ಕಾರು ನೋಡಿದ ತಕ್ಷಣ ಏನೋ ಸರಿ ಇಲ್ಲ ಅನಿಸುತ್ತೆ. ಏನು ಅಂತ ಗೊತ್ತಾಗಲ್ಲ.

ಸಾಮಾನ್ಯವಾಗಿ ಸಣ್ಣ ವಸ್ತುಗಳು. ದೊಡ್ಡದನ್ನು ಎಲ್ಲರೂ ಸರಿ ಮಾಡುತ್ತಾರೆ. ಎಂಜಿನ್ 1958ರದು, ಅದಕ್ಕೆ ಬಿಗಿದ ಪೈಪಿನ ತುದಿಯಲ್ಲಿ ಕೆಂಪು ನೀಲಿ ಹೊಳೆಯುವ ಅಲ್ಯುಮಿನಿಯಂ ನಟ್ಟು! ಸ್ಟೀಲ್ ಜಾಲರಿ ಹೊದಿಸಿದ ಪೈಪೂ ರೇಸ್ ಕಾರುಗಳಲ್ಲಿ ಎಲ್ಲೆಡೆ ಕಾಣತೊಡಗಿದ್ದು 1970ರ ದಶಕದಲ್ಲಿ. ಅದಕ್ಕೆ ಮುಂಚೆ ಹೆಚ್ಚಾಗಿ ಕಪ್ಪು ರಬ್ಬರ್ ಪೈಪು, ಲೋಹದ ಕೊಳವೆ, ಸ್ಕ್ರೂ ಕ್ಲಾಂಪು. ವಯರುಗಳನ್ನು ಪ್ಲಾಸ್ಟಿಕ್ ಟೈನಿಂದ ಕಟ್ಟಿದ್ದರೆ ಕತ್ತರಿಸಿ ತೆಗೆಯಿರಿ, ಕಪ್ಪು ಟೇಪ್ ಸುತ್ತಿ. ಡಿಜಿಟಲ್ ಮೀಟರ್ ಬದಲು ಸನ್ ಕಂಪನಿಯ ಟ್ಯಾಕೋಮೀಟರ್, ಸ್ಟೀವರ್ಟ್ ವಾರ್ನರ್ ಮುಳ್ಳಿನ ಗೇಜು ಹುಡುಕಿ. ಇಗ್ನಿಷನ್ನಿಗೆ ಎಲೆಕ್ಟ್ರಾನಿಕ್ ಡಬ್ಬಿ ಕಂಡರೆ ಮನಸ್ಸು ಕುಗ್ಗುತ್ತದೆ. ಆಗ ಬ್ಯಾಟರಿ ಇಲ್ಲದೇ ತಾನೇ ಕಿಡಿ ಕೊಡುವ ಮ್ಯಾಗ್ನೆಟೋ ಇರುತ್ತಿತ್ತು, ಇಲ್ಲವೇ ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್.

ಎಕ್ಸಾಸ್ಟ್ ಪೈಪುಗಳ ದಿಕ್ಕು ನೋಡಿ. ಮೇಲಕ್ಕೆ ಹಿಂದಕ್ಕೆ ಬಾಗಿದ ಜೂಮಿ ಪೈಪುಗಳು ಡ್ರ್ಯಾಗ್‌ಸ್ಟರ್‌ಗಳಲ್ಲಿ ಹರಡಿದ್ದು 1960ರ ದಶಕದ ನಡುಭಾಗದಲ್ಲಿ. ಮುಂಚೆ ಅವು ಪಕ್ಕಕ್ಕೆ, ಕೆಳಕ್ಕೆ ಬಾಗಿರುತ್ತಿದ್ದವು. 1960ರ ಡ್ರ್ಯಾಗ್‌ಸ್ಟರ್‌ಗೆ ಜೂಮಿ ಹಾಕಿದರೆ ಕಾರಿನ ವಯಸ್ಸೇ ಬದಲಾಗುತ್ತದೆ. ಚಕ್ರದಲ್ಲೂ ಹಾಗೇ. ಕ್ರೇಗರ್ ಎಸ್‌ಎಸ್ ಬಂದದ್ದು 1964ರಲ್ಲಿ. ಹಾಲಿ ಎಂಬ ಕಂಪನಿಯ ಡಾಮಿನೇಟರ್ ಕಾರ್ಬುರೇಟರ್ ಬಂದದ್ದು 1969ರಲ್ಲಿ.

ನನಗೆ ಬಹಳ ಇಷ್ಟವಾದ ಸುಳಿವು ಬಾಗಿಲ ಮೇಲಿನ ವಿಳಾಸ. ಆಗಿನ ಕಾರುಗಳ ಮೇಲೆ ಸಹಾಯ ಮಾಡಿದ ಗ್ಯಾರೇಜಿನ ಹೆಸರು, ಊರು, ಫೋನ್ ನಂಬರ್ ಬರೆಸುತ್ತಿದ್ದರು. ಅಮೆರಿಕದ ಅಂಚೆ ಇಲಾಖೆ ಐದಂಕಿಯ ಜಿಪ್ ಕೋಡ್ ತಂದದ್ದು ಜುಲೈ 1963ರಲ್ಲಿ. 1961ರ ಕಾರಿನ ಬಾಗಿಲ ಮೇಲೆ ಜಿಪ್ ಕೋಡ್ ಕಂಡರೆ ಬರೆಸಿದವರು ಇಂದಿನ ತಲೆಯಿಂದ ಬರೆಸಿದ್ದಾರೆ.

ಪೇಂಟ್ ಹೊಸದಾಗಿ ಹೊಡೆಸ್ಲಾ, ಹಾಗೇ ಬಿಡ್ಲಾ?

ಹಳೇ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಹಾಗೇ ಬಿಡಿ. ಬಿರುಕು ಬಿಟ್ಟ ಲ್ಯಾಕರ್, ಮಾಸಿದ ಚಿನ್ನದ ಹಾಳೆಯ ಅಕ್ಷರ, ಟೈರ್ ಉಜ್ಜಿದ ಕಪ್ಪು ಕಲೆ, ಇವನ್ನು ಯಾವ ದುಡ್ಡಿಗೂ ಮತ್ತೆ ತರಲಾಗದು.

ಇದನ್ನು ಕಷ್ಟಪಟ್ಟು ಕಲಿತೆ. ಗ್ಯಾರೇಜಿಗೆ ಸೇರಿದ ಹೊಸದರಲ್ಲಿ ಷೆವರ್ಲೆಯ ಎಡ ಬಾಗಿಲು ನನಗೆ ಕೊಟ್ಟರು. ಮೇಲೆ ಯಾರೋ 1980ರ ದಶಕದಲ್ಲಿ ಬಳಿದ ಬಿಳಿ ಬಣ್ಣ. ಮೆಷಿನ್ ಹಿಡಿದು ಒಂದೇ ಮಧ್ಯಾಹ್ನದಲ್ಲಿ ತಗಡಿನವರೆಗೆ ಉಜ್ಜಿ ನಿಲ್ಲಿಸಿದೆ. ಕೊನೆಯ ಅಂಗೈ ಅಗಲದ ಜಾಗದಲ್ಲಿ ಕಡುಗೆಂಪು ಕಾಣಿಸಿತು, ಅದರ ಮೇಲೆ ಒಂದು ಹಳದಿ ಅಕ್ಷರದ ಬಾಲ. ಉಳಿದ ಹೆಸರು ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಬಲ ಬಾಗಿಲನ್ನು ನಾವು ಬೇರೆ ಥರ ಮಾಡಿದೆವು. ತುಂಬಾ ನಯವಾದ ವಾಟರ್ ಪೇಪರ್, ನೀರು, ಕೈ. ದಿನಕ್ಕೆ ಒಂದು ಗೇಣು. ಒಂದೊಂದು ಪದರ ಬಂದಾಗಲೂ ಫೋಟೋ. ಮೂರನೇ ವಾರದಲ್ಲಿ ಚಾಲಕನ ಹೆಸರು ಪೂರ್ತಿ ಮೇಲೆ ಬಂತು. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆ ತೆಗೆದು, ಎಡ ಬಾಗಿಲಿಗೆ ಅದನ್ನೇ ಬರೆಸಿದೆವು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ನೀರಿಲ್ಲದೇ ಒಣದಾಗಿ ಉಜ್ಜಬೇಡಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಹೊಸದಾಗಿ ಬರೆಸಲೇಬೇಕಾದರೆ ಕುಂಚ ಹಿಡಿಯುವ ಬೋರ್ಡ್ ಪೇಂಟರ್ ಹುಡುಕಿ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಕ್ಷರಗಳ ಅಂಚು ಚೂರಿಯಷ್ಟು ನೇರ, ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಕೈಬರಹದಲ್ಲಿ ಕುಂಚ ತಿರುಗಿದ ಜಾಗ ಕಾಣುತ್ತದೆ. ನಮ್ಮ ಊರುಗಳಲ್ಲಿ ಲಾರಿಗಳ ಹಿಂದೆ, ಅಂಗಡಿಗಳ ಮುಂದೆ ಬರೆಯುತ್ತಿದ್ದವರ ಕೈಯಲ್ಲಿ ಇದ್ದದ್ದು ಇದೇ ವಿದ್ಯೆ ಅಲ್ವಾ?

ಗ್ಯಾಸರ್ ಮೂತಿ ಆಕಾಶಕ್ಕೆ ಎತ್ತಿರುತ್ತಲ್ಲ, ಯಾಕೆ? ಎಷ್ಟು ಎತ್ತರ ಸರಿ?

ಆಗಿನ ಟೈರುಗಳಿಗೆ ಹಿಡಿತ ಕಡಿಮೆ. ಭಾರ ಮೇಲಿದ್ದರೆ ಹೊರಡುವಾಗ ಅದು ಹಿಂದಿನ ಚಕ್ರದ ಮೇಲೆ ಜಾಸ್ತಿ ಬೀಳುತ್ತದೆ ಎಂಬ ಲೆಕ್ಕದಲ್ಲಿ ಎತ್ತಿದರು. ನೇರ ಆಕ್ಸಲ್ ಹಗುರ, ಅಗ್ಗ, ಎತ್ತಲು ಸುಲಭ.

ಆದರೆ ಅದಕ್ಕೂ ಮಿತಿ ಇತ್ತು. ಗ್ಯಾಸ್ ವರ್ಗದಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ನಡುಗೆರೆ ನೆಲದಿಂದ 24 ಇಂಚಿಗಿಂತ ಮೇಲೆ ಇರಕೂಡದು. ಎಂಜಿನ್ನನ್ನು ಹಿಂದಕ್ಕೆ ಸರಿಸಬಹುದಾದದ್ದು ಎರಡು ಆಕ್ಸಲ್ ನಡುವಿನ ದೂರದ ನೂರಕ್ಕೆ 10ರಷ್ಟು ಮಾತ್ರ. ಈಗ ಕಟ್ಟುವ ಎಷ್ಟೋ ಕಾರುಗಳ ಮೂತಿ ಇದನ್ನೂ ಮೀರಿ ಏರಿರುತ್ತದೆ. ಟೇಪ್ ಹಿಡಿದು ಅಳೆಯಿರಿ.

ಟೈರ್ ಮತ್ತೆ ಮ್ಯಾಗ್ನೀಸಿಯಂ ಚಕ್ರ ಹಳೇದೇ ಹಾಕಬಹುದಾ?

ನಿಲ್ಲಿಸಿ ತೋರಿಸಲು ಹಾಕಿ. ಓಡಿಸಲು ಬೇಡ. 60 ವರ್ಷದ ರಬ್ಬರ್ ಕಲ್ಲಾಗಿರುತ್ತದೆ. ಅದೃಷ್ಟಕ್ಕೆ ಎಂ ಆಂಡ್ ಎಚ್ ರೇಸ್‌ಮಾಸ್ಟರ್ ಹೆಸರಿನ ಸ್ಲಿಕ್ (ಗೆರೆ ಇಲ್ಲದ, ನುಣುಪಾದ) ಟೈರುಗಳು ಈಗಲೂ ಹಳೇ ಆಕಾರದಲ್ಲಿ ಹೊಸದಾಗಿ ಸಿಗುತ್ತವೆ. ಹಾಲಿಬ್ರಾಂಡ್ ಮ್ಯಾಗ್ನೀಸಿಯಂ ಚಕ್ರಗಳು ನೋಡಲು ಅಷ್ಟು ಚೆಂದ, ಒಳಗೆ ಬಿರುಕು ಇದ್ದರೆ ಹೊರಗೆ ಕಾಣುವುದಿಲ್ಲ. ಬಣ್ಣದ ದ್ರವ ಸವರಿ ಬಿರುಕು ಹುಡುಕುವ ಪರೀಕ್ಷೆ ಮಾಡಿಸಿ. ಅನುಮಾನ ಇದ್ದರೆ ಗೋಡೆಗೆ ತೂಗು ಹಾಕಿ, ಓಡಿಸಲು ಅಲ್ಯುಮಿನಿಯಂನಲ್ಲಿ ಮಾಡಿದ ಅದೇ ಆಕಾರದ್ದು ತನ್ನಿ.

ಎಂಜಿನ್ ಮೇಲೆ ಕೂತಿರೋ ಆ ದೊಡ್ಡ ಪೆಟ್ಟಿಗೆ ಏನು?

ಅದು 6-71 ಬ್ಲೋವರ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಹುಟ್ಟಿದ್ದು ಬಸ್ಸು ಲಾರಿಗಳ ಡೀಸೆಲ್ ಎಂಜಿನ್ನಿಗಾಗಿ. ಜಿಎಂ ಕಂಪನಿಯ ಟೂ ಸ್ಟ್ರೋಕ್ ಡೀಸೆಲ್‌ಗಳಲ್ಲಿ ಹೊಗೆ ಹೊರದೂಡಿ ಹೊಸ ಗಾಳಿ ತುಂಬಲು ಬ್ಲೋವರ್ ಬೇಕೇ ಬೇಕು. 6 ಸಿಲಿಂಡರ್, ಒಂದೊಂದೂ 71 ಘನ ಇಂಚು, ಅದೇ ಹೆಸರಾಯಿತು. ರೇಸ್ ಹುಡುಗರು ಗುಜರಿಯಿಂದ ತಂದು ವಿ8 ಮೇಲೆ ಕೂರಿಸಿದರು. ಇಂದಿನ ಬ್ಲೋವರ್‌ಗಳು ಹೊರಗೆ ಹೊಳಪಾಗಿ, ಇಡೀ ಅಲ್ಯುಮಿನಿಯಂ ದಿಮ್ಮಿಯಲ್ಲಿ ಕೊರೆದಂತಿರುತ್ತವೆ. ಹಳೆಯದರ ಎರಕದ ಮೈ ಒರಟು. ಆ ಒರಟುತನವನ್ನು ಪಾಲಿಶ್ ಮಾಡಿ ಕಳೆಯಬೇಡಿ.

## ಕಷ್ಟದ ಪ್ರಶ್ನೆಗಳು

ಅಸಲಿ ಅಸಲಿ ಅಂತ ಹಳೇ ಬೆಲ್ಟ್, ಹಳೇ ಹೆಲ್ಮೆಟ್ ಹಾಕ್ಕೊಂಡು ಓಡಿಸ್ತೀರಾ?

ಖಂಡಿತ ಇಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

1970ರ ಮಾರ್ಚ್ 8ರಂದು ಲಾಂಗ್ ಬೀಚ್ ಹತ್ತಿರದ ಲಯನ್ಸ್ ಪಟ್ಟಿಯಲ್ಲಿ ಡಾನ್ ಗಾರ್ಲಿಟ್ಸ್ ಸ್ಲಿಂಗ್‌ಶಾಟ್‌ನಲ್ಲಿ ಹೊರಟರು. ಹೊರಟ ಕ್ಷಣದಲ್ಲೇ ಟ್ರಾನ್ಸ್‌ಮಿಷನ್ ಸಿಡಿಯಿತು. ಕಾರು ಎರಡು ತುಂಡಾಯಿತು, ಅವರ ಬಲ ಪಾದದ ಮುಂಭಾಗ ಹೋಯಿತು. ಸ್ಲಿಂಗ್‌ಶಾಟ್‌ನಲ್ಲಿ ಕ್ಲಚ್ಚು, ಗೇರು ಎಲ್ಲ ಇರುವುದು ಚಾಲಕನ ಎರಡು ಕಾಲುಗಳ ನಡುವೆ. ಗುಣವಾದ ಮೇಲೆ ಅವರು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಹಾಕಿ ಹೊಸ ಕಾರು ಕಟ್ಟಿದರು. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ ಇರುವ ಡ್ರ್ಯಾಗ್‌ಸ್ಟರ್‌ಗಳ ಕಾಲವೇ ಮುಗಿಯಿತು. ನಾವು ಇಷ್ಟು ಪ್ರೀತಿಯಿಂದ ಉಳಿಸುತ್ತಿರುವ ಕಾರು ಅಂಥದ್ದು ಅನ್ನುವುದನ್ನು ಮರೆಯಕೂಡದು.

ಓಡಿಸುವ ಕಾರಿಗೆ ಕ್ಲಚ್ ಸುತ್ತಲಿನ ಕವಚ, ಬೆಲ್ಟ್, ಹೆಲ್ಮೆಟ್, ಬೆಂಕಿ ತಡೆಯುವ ಬಟ್ಟೆ, ಇಂಧನ ಪೈಪು, ಹಿಂದಿನ ಆಕ್ಸಲ್ ಎಲ್ಲ ಇಂದಿನ ಎಸ್‌ಎಫ್‌ಐ, ಸ್ನೆಲ್ ಸಂಸ್ಥೆಗಳ ಸುರಕ್ಷತೆಯ ಮಾನದಂಡದವೇ ಇರಲಿ. ಬೆಲ್ಟಿಗೆ ಎರಡು ವರ್ಷ ಮಾತ್ರ ಆಯುಸ್ಸು, ಮೇಲಿನ ಚೀಟಿಯಲ್ಲಿ ತಾರೀಖು ಇರುತ್ತದೆ. ನಮ್ಮದರಂಥ ಹಳೇ ಕಾರು ಕಾಲು ಮೈಲಿಯನ್ನು 9.99 ಸೆಕೆಂಡ್ ಅಥವಾ ಬೇಗ ಮುಗಿಸಿದರೆ ಎನ್‌ಎಚ್‌ಆರ್‌ಎ ಚೌಕಟ್ಟನ್ನು ಪರೀಕ್ಷಿಸಿ ಮುದ್ರೆ ಒತ್ತಬೇಕು.

ಇವು ಕಣ್ಣಿಗೆ ಚುಚ್ಚದಂತೆ ಮಾಡಬಹುದು. ಹೊಸ ಕವಚಕ್ಕೆ ಮಂಕು ಬೂದು ಬಣ್ಣ ಕೊಟ್ಟೆವು. ಬೆಲ್ಟು ಹಳೇ ಫೋಟೋದ ಬಣ್ಣದ್ದೇ ತಂದೆವು. ಆದರೆ ಯಾರಾದರೂ ಕೇಳಿದರೆ ಇದು ಹೊಸದು ಎಂದು ಹೇಳುತ್ತೇವೆ. ಹಳೇ ಕ್ಲಚ್ ಪ್ಲೇಟಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಊದಬೇಡಿ, ಒದ್ದೆ ಮಾಡಿ ಒರೆಸಿ.

ಚೌಕಟ್ಟಿನ ಪೈಪ್ ಬಿರುಕು ಬಿಟ್ಟಿದೆ. ತೆಗೆದು ಹೊಸದು ಹಾಕ್ಲಾ?

ಮೊದಲು ಅದು ಯಾವ ಪೈಪು ಅಂತ ತಿಳಿಯಿರಿ. ಮಾಮೂಲಿ ಸ್ಟೀಲಾ, ಕ್ರೋಮಿಯಂ ಮಾಲಿಬ್ಡಿನಂ ಬೆರೆಸಿದ ಕ್ರೋಮ್ ಮಾಲಿ ಸ್ಟೀಲಾ? ಎರಡಕ್ಕೂ ವೆಲ್ಡಿಂಗ್ ಬೇರೆ. ಒಳಗೆ ತುಕ್ಕು ತಿಂದು ಗೋಡೆ ತೆಳುವಾಗಿದೆಯಾ ಅಂತ ಅಲ್ಟ್ರಾಸೌಂಡ್ ಮೀಟರಿನಲ್ಲಿ ಅಳೆಯಿಸಿ.

ಕೆಟ್ಟ ಭಾಗ ಎಷ್ಟಿದೆಯೋ ಅಷ್ಟನ್ನೇ ತೆಗೆಯಿರಿ. ಹಳೇ ಕೈಯ ವೆಲ್ಡಿಂಗ್ ಕೋನಗಳನ್ನು ಉಳಿಸಿ. ಒಬ್ಬೊಬ್ಬ ಚೌಕಟ್ಟು ಕಟ್ಟುವವನ ಕೈಗೂ ಒಂದು ಗುರುತು ಇರುತ್ತದೆ, ಕಾರು ಯಾರ ಕೆಲಸ ಎಂದು ಹೇಳುವುದು ಅದೇ. ಚೌಕಟ್ಟು ಪೂರ್ತಿ ಕೆಟ್ಟಿದ್ದರೆ ಅದನ್ನು ಓಡಿಸುವ ಆಸೆ ಬಿಡಿ. ಅಸಲಿಯನ್ನು ಹಾಗೇ ನಿಲ್ಲಿಸಿ.

ನೈಟ್ರೋ ಹಾಕ್ಲೇಬೇಕಾ? ಪೆಟ್ರೋಲ್ ಹಾಕಿದ್ರೆ ಸುಳ್ಳಾಗುತ್ತಾ?

ನೀವು ಆರಿಸಿದ ದಿನ ಯಾವುದು ಎನ್ನುವುದರ ಮೇಲೆ ಇದೆ. 1957ರಲ್ಲಿ ಎನ್‌ಎಚ್‌ಆರ್‌ಎ ತನ್ನ ಪಂದ್ಯಗಳಲ್ಲಿ ನೈಟ್ರೋ ಎಂಬ ರೇಸ್ ಇಂಧನವನ್ನು ನಿಲ್ಲಿಸಿತು. 1963–64ರ ಹೊತ್ತಿಗೆ ಮತ್ತೆ ಬಿಟ್ಟಿತು. ಆ ನಡುವೆ ಅವರ ಪಟ್ಟಿಗಳಲ್ಲಿ ಡ್ರ್ಯಾಗ್‌ಸ್ಟರ್‌ಗಳು ಪೆಟ್ರೋಲಿನಲ್ಲಿ ಓಡಿದವು. ಬೇಕರ್ಸ್‌ಫೀಲ್ಡ್‌ನಂಥ ಬೇರೆ ಕಡೆ ನೈಟ್ರೋ ನಡೆಯುತ್ತಲೇ ಇತ್ತು. ಒಂದೇ ಕಾರು ಒಂದು ಭಾನುವಾರ ಪೆಟ್ರೋಲ್, ಮುಂದಿನ ಭಾನುವಾರ ನೈಟ್ರೋ ಕುಡಿದಿರಬಹುದು.

ನೈಟ್ರೋಮಿಥೇನ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು, ನೈಟ್ರೋಗೆ 1.7 ಸಾಕು. ಅದೇ ಗಾಳಿಗೆ ಎಂಟು ಪಟ್ಟಿಗಿಂತ ಹೆಚ್ಚು ಇಂಧನ ಸುರಿಯಬೇಕು. ಪಂಪು, ನಾಜಲ್ ಎಲ್ಲ ಬೇರೆ. ಪೆಟ್ರೋಲಿನ ಜೋಡಣೆಗೆ ನೈಟ್ರೋ ಸುರಿದರೆ ಎಂಜಿನ್ ಒಡೆದುಹೋಗುತ್ತದೆ. ಸುಡದ ನೈಟ್ರೋ ಆಯಿಲ್‌ಗೂ ಇಳಿಯುತ್ತದೆ, ಓಡಿಸಿದ ದಿನವೇ ಆಯಿಲ್ ಬದಲಿಸಿ, ಒಳಗೆಲ್ಲ ತೊಳೆಯಿರಿ. ಇಲ್ಲದಿದ್ದರೆ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಹಳಬರು ಕೆಲವರು ನೈಟ್ರೋಗೆ ಹೈಡ್ರಜೀನ್ ಬೆರೆಸುತ್ತಿದ್ದರು. ಅದು ವಿಷ, ಬೆರೆಸಿದ ಮೇಲೆ ಸಿಡಿಯುವ ಅಪಾಯವೂ ಇದೆ. ಆ ಕಾಲದ್ದೇ ಆದರೂ ಅದನ್ನು ಮತ್ತೆ ತರಬೇಡಿ.

ಓಡಿಸದೇ ಇದ್ರೆ ಕಾರು ಸತ್ತ ಹಾಗೆ. ಓಡಿಸಿದ್ರೆ ಹಾಳಾಗುತ್ತೆ. ಏನ್ ಮಾಡ್ಲಿ?

ಇದಕ್ಕೆ ಇಲ್ಲಿನ ಜನ ಒಂದು ಒಳ್ಳೆ ದಾರಿ ಕಂಡುಕೊಂಡರು. ಫಮೋಸೋದಲ್ಲಿ 1992ರಿಂದ ನಡೆದ ಹಾಟ್ ರಾಡ್ ಪುನರ್ಮಿಲನದಲ್ಲಿ 2000ದಿಂದ ಕ್ಯಾಕಲ್‌ಫೆಸ್ಟ್ ಶುರುವಾಯಿತು. ಹಳೇ ಡ್ರ್ಯಾಗ್‌ಸ್ಟರ್‌ಗಳನ್ನು ಹಿಂದಿನಿಂದ ಪಿಕಪ್ ಗಾಡಿಯಲ್ಲಿ ತಳ್ಳುತ್ತಾರೆ. ಚಕ್ರದ ಜೊತೆ ಎಂಜಿನ್ ತಿರುಗುತ್ತದೆ. ಆಯಿಲ್ ಪ್ರೆಷರ್ ಏರಿದ ಮೇಲೆ ಚಾಲಕ ಇಂಧನ ಬಿಟ್ಟು ಮ್ಯಾಗ್ನೆಟೋ ಸ್ವಿಚ್ ಹಾಕುತ್ತಾನೆ. ಆಗ ಹೊರಡುವ ಸದ್ದು ಎದೆಗೂಡಿನಲ್ಲಿ ಬಡಿಯುತ್ತದೆ. ಆಮೇಲೆ ಸಾಲಾಗಿ ನಿಲ್ಲಿಸಿ ಎಂಜಿನ್ ಹಾಗೇ ಓಡಲು ಬಿಡುತ್ತಾರೆ. ಪಂದ್ಯ ಇಲ್ಲ, ಕಾಲು ಮೈಲಿ ಇಲ್ಲ.

ವೇಗದಲ್ಲಿ ಓಡದ ಕಾರಾದ್ದರಿಂದ ಹಳೇ ಭಾಗಗಳ ಮೇಲೆ ಅಷ್ಟು ಹೊರೆ ಬೀಳುವುದಿಲ್ಲ. ಕಾರು ತನ್ನ ದಿನದ ರೂಪದಲ್ಲೇ ಇರಬಹುದು. ಅಪರೂಪದ, ಅಸಲಿ ಕಾರಿಗೆ ಇದೇ ಸರಿ ಎಂದು ನನಗೆ ಅನಿಸುತ್ತದೆ. ನಮ್ಮ ಡ್ರ್ಯಾಗ್‌ಸ್ಟರ್ ಹೀಗೆ ಮಾತ್ರ ಹೊರಗೆ ಬರುತ್ತದೆ. ಷೆವರ್ಲೆ ಓಡುತ್ತದೆ, ಅದಕ್ಕೆ ಹೊಸ ಭಾಗಗಳು ಬಿದ್ದಿವೆ. ತಳ್ಳುವ ಗಾಡಿಯೂ ಆ ಕಾಲದ್ದೇ ಆಗಿ, ಅದೇ ಬಣ್ಣದ್ದಾದರೆ ಇನ್ನೂ ಚೆಂದ. ಆಗಿನ ತಂಡಗಳು ಹಾಗೇ ಬರುತ್ತಿದ್ದವು.

ಮುಂದೆ ಬರೋರಿಗೆ ನಾವು ಏನೇನು ಬದಲಿಸಿದ್ವಿ ಅಂತ ಹೇಗೆ ಗೊತ್ತಾಗಬೇಕು?

ಒಂದು ದಪ್ಪ ನೋಟ್‌ಬುಕ್ ಇಡಿ. ಕಂಪ್ಯೂಟರಿನಲ್ಲೂ ಇಡಿ, ಆದರೆ ಕಾಗದ ಬಿಡಬೇಡಿ. ಪ್ರತಿ ಭಾಗಕ್ಕೆ ಒಂದು ಸಾಲು: ಎಲ್ಲಿಂದ ಬಂತು, ಎರಕದ ತಾರೀಖು ಏನು, ಅಸಲಿಯಾ, ಆ ಕಾಲದ ಬೇರೆ ಕಾರಿನದಾ, ಹೊಸದಾ. ಊಹಿಸಿ ಮಾಡಿದ್ದನ್ನು ಊಹೆ ಎಂದೇ ಬರೆಯಿರಿ. ನಮ್ಮ ಡ್ರ್ಯಾಗ್‌ಸ್ಟರ್‌ನ ಸೀಟಿನ ರೆಕ್ಸಿನ್ ಬಣ್ಣ ಯಾವ ಫೋಟೋದಲ್ಲೂ ಕಾಣಲಿಲ್ಲ. ಕಪ್ಪು ಹಾಕಿದೆವು. ಊಹೆ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇವೆ.

ತೆಗೆದ ಯಾವ ಅಸಲಿ ಭಾಗವನ್ನೂ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಕಾರು ಮಾರಿದರೆ ಪೆಟ್ಟಿಗೆಯೂ ಅದರ ಜೊತೆ ಹೋಗಬೇಕು. ನಮ್ಮಲ್ಲಿ ಅಂಥ ಪೆಟ್ಟಿಗೆ ನಾಲ್ಕಿವೆ. ಒಂದರಲ್ಲಿ ಬಿರುಕು ಬಿಟ್ಟ ಹಳೇ ಕ್ಲಚ್ ಕವಚ ಇದೆ. ಇನ್ನೊಂದರಲ್ಲಿ ಕಾಗದದ ಪೊಟ್ಟಣವೊಂದಿದೆ. ನಾನು ಉಜ್ಜಿ ಹಾಕಿದ ಎಡ ಬಾಗಿಲಿನ ಕೆಳಗಿಂದ ಗುಡಿಸಿ ತೆಗೆದ ಕಡುಗೆಂಪು ಬಣ್ಣದ ಪುಡಿ ಅದರಲ್ಲಿದೆ. ಮುಂದೆ ಯಾರಿಗಾದರೂ ಆ ಬಣ್ಣದ ಅಸಲಿ ಮಿಶ್ರಣ ತಿಳಿಯಬೇಕಾದರೆ ಪರೀಕ್ಷೆಗೆ ಅಷ್ಟು ಸಾಕು.